ಐದನೇ ಬಾಗಿಲಿನ ಆಚೆ

"ಹಲೋ... ಹಲೋ, ಯಾರು ಮಾತಾಡ್ತಿರೋದು? ... ಯಾರು? ... ಓ, ಒರ್ತೆನ್ಸಿಯಾ ಅತ್ತೆಯಾ! ನಾನು ಆರ್ಸೆನಿಯೊ... ಆರ್ಸೆನಿಯೊ! ಕೇಬಲ್ಲಿನವನು... ಗ್ಯಾಸಲ್ಲ ಅತ್ತೆ, ಕೇಬಲ್ಲು, ಕೇಬಲ್ಲು! ನಿಮ್ಮ ತಾರಸಿ ಮೇಲೆ ತಂತಿ ಎಳೆದುಕೊಟ್ಟೋನು... ಹಾಂ, ಅದೇ ಗಡ್ಡದವನು. ರೈಡೆಲ್ ಇದಾನಾ? ... ಮಲಗಿದಾನಾ? ಈ ಹೊತ್ತಿನಲ್ಲಾ? ... ಒಬ್ಬನೇ ಮಲಗಿದಾನಾ ಅಂತ ಕೇಳ್ದೆ... ಏನಿಲ್ಲ, ಏನಿಲ್ಲ, ಸುಮ್ನೆ ಕೇಳ್ದೆ. ಎಬ್ಬಿಸಿ ಅತ್ತೆ. ಅರ್ಜೆಂಟು."

ರೈಡೆಲನ ಸೋದರತ್ತೆ ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ಕೇಳಿತು. ಆರ್ಸೆನಿಯೊ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎದುರಿನ ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದ.

ಹವಾನಾದ ಲಾಟನ್ ಬಡಾವಣೆಯಲ್ಲಿ ಅವನನ್ನು ಅರಿಯದವರಿರಲಿಲ್ಲ. ಮನೆಮನೆಗೆ ಇಂಟರ್ನೆಟ್ ಬಾರದಿದ್ದ ಕಾಲ ಅದು. ಹುಡುಗರು ಆಡಬೇಕು, ಹಾಡು ಹಂಚಿಕೊಳ್ಳಬೇಕು, ಹರಟಬೇಕು ಎಂದರೆ ತಾವೇ ತಾರಸಿಯಿಂದ ತಾರಸಿಗೆ ತಂತಿ ಎಳೆದು ಜಾಲ ಕಟ್ಟಿಕೊಳ್ಳಬೇಕಾಗಿತ್ತು. ಆ ಸುತ್ತಿನ ತಂತಿಗಳೆಲ್ಲ ಬಂದು ಕೂಡುತ್ತಿದ್ದದ್ದು ಆರ್ಸೆನಿಯೊನ ಮನೆಯ ಸ್ವಿಚ್ ಪೆಟ್ಟಿಗೆಯಲ್ಲಿ. ಅದರ ಮುಖದ ಮೇಲೆ ಸಾಲಾಗಿದ್ದ ತೂತುಗಳನ್ನು ಅವನು ಬಾಗಿಲು ಎಂದು ಕರೆಯುತ್ತಿದ್ದ. ಒಂದೊಂದು ಬಾಗಿಲಿಗೂ ಒಂದೊಂದು ತಾರಸಿಯ ತಂತಿ. ಐದನೇ ಬಾಗಿಲಿನದು ರೈಡೆಲನ ಮನೆಗೆ ಹೋಗುತ್ತಿತ್ತು.

ರೈಡೆಲ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವನು. ಮಿರೆಲಿಸ್ ಆರ್ಸೆನಿಯೊನನ್ನು ಮದುವೆಯಾಗುವ ಮೊದಲು ಈ ರೈಡೆಲನ ಜೊತೆ ಕುಣಿಯುತ್ತಿದ್ದಳು, ಕೈಹಿಡಿದು ಸಮುದ್ರದ ಕಟ್ಟೆಯ ಮೇಲೆ ಓಡಾಡುತ್ತಿದ್ದಳು. ಅದಾಗಿ ಅರ್ಧ ಆಯುಷ್ಯ ಕಳೆದಿತ್ತು. ಆದರೂ ಬೀದಿಯಲ್ಲಿ ಎಲ್ಲಾದರೂ ಟ್ರಾಂಬೋನ್ ಕೇಳಿದರೆ ಆರ್ಸೆನಿಯೊ ಮೊದಲು ತಿರುಗಿ ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನು.

ಆ ಭಾನುವಾರ ಊಟ ಮುಗಿಸಿ ಮಿರೆಲಿಸ್ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಗ್ವಾನಬಕೋವಾದ ಚಿಕ್ಕಮ್ಮನಿಗೆ ಫೋಟೊ ತೋರಿಸಿ ಬರುತ್ತೇನೆ ಎಂದಳು. ತುಟಿಗೆ ಬಣ್ಣ ಹಚ್ಚಿಕೊಂಡಳು. ಅವಳು ಹೋದ ಮೇಲೆ ಆರ್ಸೆನಿಯೊ ಯಾವುದೋ ನಿಧಾನವಾದ ತಂತಿಯನ್ನು ಹುಡುಕುತ್ತ ಯಾವ ಬಾಗಿಲಿನ ಆಚೆ ಯಾವ ಮಷೀನಿದೆ ಎಂಬ ಪೆಟ್ಟಿಗೆಯ ನೆನಪನ್ನು ಪರದೆಯ ಮೇಲೆ ತೆರೆದ. ಹೆಂಡತಿಯ ಲ್ಯಾಪ್‌ಟಾಪಿನ ನಂಬರು ಅವನಿಗೆ ಬಾಯಿಪಾಠ. ಅದು ಐದನೇ ಬಾಗಿಲಿನ ಎದುರು ಮೂಡಿತ್ತು.

"ರೈಡೆಲ್? ... ಹಾಂ, ನಾನೇ. ನಿದ್ದೆ ಆಯ್ತಾ? ... ಏನಿಲ್ಲಪ್ಪ, ನಿನ್ನ ತಂತಿದೇ ಒಂದು ತೊಂದರೆ... ಕೆಟ್ಟಿಲ್ಲ, ಚೆನ್ನಾಗೇ ಓಡ್ತಿದೆ. ತುಂಬಾ ಚೆನ್ನಾಗಿ ಓಡ್ತಿದೆ, ಅದೇ ತೊಂದರೆ. ನಿನ್ನ ಮನೇಲಿ ಈಗ ಯಾರ್ಯಾರಿದಾರೆ? ..."

"ನೀನು, ಅತ್ತೆ. ಅಷ್ಟೇನಾ? ... ಇನ್ಯಾರೂ ಇಲ್ವಾ? ನೆಂಟರು, ಇಷ್ಟರು, ಹಳೇ ಪರಿಚಯದೋರು? ... ನಾಯಿ ಲೆಕ್ಕಕ್ಕಿಲ್ಲ ಕಣೋ. ನಾಯಿ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರಲ್ಲ..."

"ಯಾಕೆ ಕೇಳ್ತಿದೀನಾ? ... ನಿನ್ನ ಬಾಗಿಲಿಂದ ನಿಂದಲ್ಲದ ಮಷೀನು ಮಾತಾಡ್ತಿದೆ, ಅದಕ್ಕೆ... ಹೆಂಗೆ ಗೊತ್ತು ಅಂದ್ರೆ? ಪೆಟ್ಟಿಗೆ ಹೇಳತ್ತೆ... ನಗಬೇಡ. ಕೇಳಿಲ್ಲಿ. ಪ್ರತಿ ಮಷೀನಿಗೂ ಹುಟ್ಟುವಾಗ್ಲೇ ಒಂದು ನಂಬರು ಅಂಟಿರತ್ತೆ. ಒಂದರದ್ದು ಇನ್ನೊಂದಕ್ಕಿರಲ್ಲ. ಏನೇ ಕಳಿಸ್ಲಿ, ಇದು ಇಂಥೋರಿಗೆ, ಕಳಿಸಿದ್ದು ನಾನು ಅಂತ ನಂಬರು ಹಾಕೇ ಕಳ್ಸತ್ತೆ. ಪೆಟ್ಟಿಗೆ ಕಿವಿ ನಿಮಿರಿಸ್ಕೊಂಡು ಕೂತಿರತ್ತೆ. ಈ ನಂಬರು ಯಾವ ಬಾಗಿಲಿಂದ ಒಳಗೆ ಬಂತು, ತಲೇಲಿಟ್ಕೊಂತು. ಆಮೇಲೆ ಆ ನಂಬರಿಗೆ ಯಾರು ಏನು ಕಳಿಸಿದ್ರೂ ನೇರ ಆ ಬಾಗಿಲಿಗೇ ತಳ್ಳತ್ತೆ..."

"ಗೊತ್ತಿಲ್ದೇ ಇದ್ರಾ? ... ಗೊತ್ತಿಲ್ದೇ ಇದ್ರೆ ಬಂದ ಬಾಗಿಲೊಂದು ಬಿಟ್ಟು ಮಿಕ್ಕ ಎಲ್ಲಾ ಬಾಗಿಲಿಗೂ ಕಳ್ಸತ್ತೆ. ಮೀನು ಬಂತು ಅಂತ ನಿಮ್ಮತ್ತೆ ಓಣಿಗೆಲ್ಲ ಕೇಳೋ ಹಂಗೆ ಕೂಗಲ್ವಾ, ಹಂಗೆ. ಯಾರಿಗೆ ಬೇಕೋ ಅವ್ರು ಓ ಅಂತಾರೆ. ಓ ಅಂದ ತಕ್ಷಣ ಅವ್ರ ಬಾಗಿಲೂ ಗೊತ್ತಾಗೋಯ್ತು. ಆಮೇಲೆ ತಪ್ಪಿಸ್ಕೊಳ್ಳೋಕಾಗಲ್ಲ..."

"ಸುಮ್ನಿದ್ರಾ? ... ಐದು ನಿಮಿಷ ತುಟಿ ಬಿಚ್ಚದೇ ಇದ್ರೆ ಮರ್ತುಬಿಡತ್ತೆ. ಅದು ನನ್ನ ಥರ ಅಲ್ಲ. ನಾನು ಇಪ್ಪತ್ತು ವರ್ಷದ ಹಿಂದಿನದ್ದೂ ಮರೆಯಲ್ಲ..."

"ಯಾರ ನಂಬರಾ? ... ನೀನೇ ಹೇಳು. ... ಇಲ್ಲ, ನೀನೇ ಹೇಳು. ನಿನ್ನ ಬಾಯಿಂದ್ಲೇ ಬರ್ಲಿ. ... ಗೊತ್ತಿಲ್ವಾ? ಗೊತ್ತೇ ಇಲ್ವಾ? ... ಮಿರೆಲಿಸ್‌ದು ಕಣೋ! ನನ್ನ ಹೆಂಡ್ತಿ ಮಿರೆಲಿಸ್‌ದು! ನಿನ್ನ ಬಾಗಿಲಲ್ಲಿ!"

ಕಿಟಕಿಯ ಕೆಳಗೆ ಬೀದಿಯಲ್ಲಿ ಡಾಮಿನೊ ಆಡುತ್ತಿದ್ದವರು ಕಾಯಿ ಕುಟ್ಟುವುದನ್ನು ಬಿಟ್ಟು ಮೇಲೆ ನೋಡಿದರು. ಆರ್ಸೆನಿಯೊ ಕಾಲಿನಿಂದ ಕಿಟಕಿಯ ಬಾಗಿಲನ್ನು ಒದ್ದು ಮುಚ್ಚಿದ. ಆ ಕಡೆಯಿಂದ ರೈಡೆಲ್ ಗಹಗಹಿಸಿ ನಗುತ್ತಿದ್ದ. ಊದಿ ಊದಿ ಬಲಿತ ಎದೆಯ ನಗು. ಅಷ್ಟು ಬೇಗ ನಿಲ್ಲುವಂಥದ್ದಲ್ಲ.

"ನಗು, ನಗು... ನಿನ್ನ ನಗು ನನಗೇನು ಹೊಸದಾ? ನನ್ನ ಮದುವೆ ದಿನಾನೂ ಹಿಂಗೇ ನಗ್ತಿದ್ದೆ. ಊದೋಕೆ ಬಂದೋನು ಊದಿ ಹೋಗಬೇಕು ತಾನೇ? ಮದುಮಗಳ ಜೊತೆ ಕುಣಿಯೋಕೆ ಯಾರು ಕರೆದಿದ್ರು ನಿನ್ನ? ... ಒಂದೇ ಹಾಡಾ? ಅವತ್ತಿನ ಹಾಡಿನಷ್ಟು ಉದ್ದದ ಹಾಡು ನಾನು ಆಮೇಲೆ ಕೇಳೇ ಇಲ್ಲ! ... ಬಾಳೆಕಾಯಿ ಕರೀತಾ ಇವತ್ತಿಗೂ ಅದನ್ನೇ ಗುನುಗ್ತಾಳೆ, ಗೊತ್ತಾ? ಎಣ್ಣೆ ಹೊಗೆ ಬಂದ್ರೂ ಗೊತ್ತಾಗಲ್ಲ ಅವ್ಳಿಗೆ..."

"ಏನು ಖುಷಿಯಾಯ್ತಾ? ... 'ಹೌದಾ' ಅಂದ್ಯಲ್ಲ ಈಗ, ಆ ಹೌದಾದಲ್ಲಿ ಖುಷಿ ಇತ್ತು. ನನ್ನ ಕಿವಿ ಕಿವುಡಲ್ಲ..."

"ಆಣೆಗೀಣೆ ಬೇಡ. ತಾಯಾಣೆ ಅಂತೂ ಬೇಡ, ನಿಮ್ಮಮ್ಮ ಒಳ್ಳೇ ಹೆಂಗಸು. ಒಂದು ಕೆಲಸ ಮಾಡು. ನಿನ್ನ ಕಂಪ್ಯೂಟರಿನ ಹಿಂದೆ ನಾನು ಹಾಕಿಕೊಟ್ಟ ನೀಲಿ ತಂತಿ ಇದೆಯಲ್ಲ, ಕೀಳು. ... ಕೀಳು ಅಂದೆ. ನಾನಿಲ್ಲಿ ಐದನೇ ಬಾಗಿಲಿನ ನೆನಪೆಲ್ಲ ಅಳಿಸಿಬಿಡ್ತೀನಿ. ಆಮೇಲೆ ಯಾರು ಉಸಿರು ಬಿಡ್ತಾರೋ ಅವ್ರ ನಂಬರು ಮಾತ್ರ ಮತ್ತೆ ಬರತ್ತೆ. ನಿನ್ನ ತಂತಿ ಕಿತ್ತ ಮೇಲೆ ಅವಳದ್ದು ಬರ್ಲಿಲ್ಲ ಅಂದ್ರೆ, ಅವಳು ನಿನ್ನ ತಂತಿ ಮೇಲೇ ಇದ್ಲು ಅಂತ ಅರ್ಥ. ... ಕಿತ್ತಾ? ... ಪೂರ್ತಿ? ... ಕೈಯಲ್ಲಿದೆಯಾ ತುದಿ? ... ಸರಿ, ಅಳಿಸ್ದೆ."

ಪರದೆಯ ಮೇಲೆ ಐದನೇ ಬಾಗಿಲಿನ ಎದುರು ಖಾಲಿಯಾಯಿತು. ಆರ್ಸೆನಿಯೊನಿಗೆ ಏನು ಬೇಕಾಗಿತ್ತೋ ಅವನಿಗೇ ತಿಳಿಯದು. ನಂಬರು ಬರದೆ ಹೋದರೆ ಹೆಂಡತಿ ರೈಡೆಲನ ಮನೆಯಲ್ಲಿದ್ದಾಳೆ. ಬಂದರೆ ಬೇರೆಲ್ಲೋ ಇದ್ದಾಳೆ. ಎರಡರಲ್ಲಿ ಯಾವುದು ಕಡಿಮೆ ನೋವಿನದು ಎಂದು ಯೋಚಿಸುವಷ್ಟರಲ್ಲಿ ನಂಬರು ಮತ್ತೆ ಮೂಡಿತು.

"ಬಂತು... ಅವಳದ್ದು ಬಂತು. ನಿಂದು ಹೋಗಿದೆ, ಅವಳದ್ದು ಬಂದಿದೆ. ... ಬಿಟ್ಟುಬಿಡೋದಾ? ಹೆಂಗೆ ಬಿಡೋದು? ಐದನೇ ಬಾಗಿಲಿಗೆ ಇರೋದು ನಿನ್ನ ತಂತಿ ಒಂದೇ. ನೀನು ಕಿತ್ತಿದೀಯ. ಆದ್ರೂ ಅವಳು ಅಲ್ಲಿಂದ್ಲೇ ಮಾತಾಡ್ತಿದಾಳೆ. ಅಂದ್ರೆ ಏನರ್ಥ? ... ನಾನು ಹೇಳ್ಲಾ? ನಿನ್ನ ಮನೆಗೆ ಬರೋಕೆ ಮುಂಚೇನೇ ಎಲ್ಲೋ ನನ್ನ ತಂತಿ ಕವಲೊಡೆದಿದೆ. ಪೆಟ್ಟಿಗೆಗೆ ಬಾಗಿಲು ಗೊತ್ತೇ ಹೊರತು ಬಾಗಿಲಿನ ಆಚೆ ಎಷ್ಟು ಮನೆ ಇದೆ ಅಂತ ಗೊತ್ತಾಗಲ್ಲ. ಆಚೆ ಇನ್ನೊಂದು ಪೆಟ್ಟಿಗೆ ಇಟ್ಟು ಇಡೀ ಓಣಿ ಕೂರಿಸಿದ್ರೂ ಇದರ ಪಾಲಿಗೆ ಎಲ್ಲಾ ಐದನೇ ಬಾಗಿಲೇ..."

"ಯಾಕೆ ಸುಮ್ನಾದೆ? ... ರೈಡೆಲ್? ... ನಗು ಎಲ್ಲಿ ಹೋಯ್ತು? ... ಇಟ್ಟಿದೀಯ, ಅಲ್ವಾ? ... ಎಲ್ಲಿ? ... ನೀರಿನ ಟ್ಯಾಂಕಿನ ಹಿಂದೆ. ಸಣ್ಣ ಪೆಟ್ಟಿಗೆ. ನನ್ನನ್ನ ಒಂದು ಮಾತು ಕೇಳ್ದೆ. ... ಯಾರಿಗೆ ಕೊಟ್ಟಿದೀಯ? ..."

"ಹೇಳಲ್ಲ ಅಂತ ಮಾತು ಕೊಟ್ಟಿದೀಯಾ? ಯಾರಿಗೆ ಮಾತು? ನನ್ನ ಹೆಂಡ್ತಿಗೆ ಮಾತು ಕೊಡೋಕೆ ನೀನ್ಯಾರು? ... ಅವಳಿಗಲ್ಲ? ... ಮತ್ಯಾರಿಗೆ? ..."

ಆಗ ಆರ್ಸೆನಿಯೊನ ಕಣ್ಣಿಗೆ ಪರದೆಯ ಮೇಲಿನ ಇನ್ನೊಂದು ಸಾಲು ಬಿತ್ತು. ಐದನೇ ಬಾಗಿಲಿನ ಎದುರಿಗೇ, ಹೆಂಡತಿಯ ನಂಬರಿನ ಕೆಳಗೇ, ಗುರುತಿಲ್ಲದ ಮತ್ತೊಂದು ನಂಬರು. ಅಳಿಸುವ ಮೊದಲೂ ಅದು ಅಲ್ಲಿತ್ತು. ಒಂದನ್ನೇ ಹುಡುಕುವ ಭರದಲ್ಲಿ ಅವನು ಇನ್ನೊಂದನ್ನು ನೋಡಿರಲಿಲ್ಲ.

"ಮೂರನೇದೊಂದು ಮಷೀನಿದೆ ಅಲ್ಲಿ. ... ಹಳೇ ಮಷೀನಾ? ಯಾರೋ ಮಾರಿದ್ದಾ? ... ಕೊಂಡೋಳು ಹುಡುಗಿಯಾ? ... ರೈಡೆಲ್, ನನ್ನ ಮಗಳಾ? ... ಲಿಸಾಂದ್ರಾನಾ? ..."

ಅವನು ಕುರ್ಚಿಯನ್ನು ಕೈಯಿಂದ ತಡವಿ ಕೂತ.

ಲಿಸಾಂದ್ರಾ ಮನೆ ಬಿಟ್ಟು ಹೋದದ್ದು ಮಾವು ಹೂಬಿಟ್ಟ ದಿನಗಳಲ್ಲಿ. ಅವಳಿಗೊಬ್ಬ ಗೆಳೆಯನಿದ್ದ. ಯಾರ ಮನೆಯಲ್ಲಿ ಕೂತು ಅವಳು ಲ್ಯಾಪ್‌ಟಾಪ್ ತೆರೆದರೂ ಆ ಮನೆಯ ಬಾಗಿಲು ಅಪ್ಪನ ಪರದೆಯ ಮೇಲೆ ಬರುತ್ತಿತ್ತು. ಅಪ್ಪ ಅದನ್ನು ಹಿಡಿದುಕೊಂಡು ಒಂದು ಹುಟ್ಟುಹಬ್ಬದ ಮನೆಗೆ ನುಗ್ಗಿ, ಕೇಕಿನ ಎದುರಿಗೆ ನಿಂತಿದ್ದ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದ. ಮಾರನೇ ದಿನ ಅವಳು ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಇಟ್ಟು, ಬಟ್ಟೆಯ ಗಂಟು ಹೊತ್ತು ಹೊರಟಳು. ಹೋಗುವವಳಿಗೆ ಅವನು ಹೇಳಿದ್ದು ಒಂದೇ ಮಾತು: ನನ್ನ ತಂತಿ ಮುಟ್ಟಿದ ಯಾವ ಮನೆಯಲ್ಲೂ ನಿನಗೆ ತಂತಿ ಸಿಗದ ಹಾಗೆ ಮಾಡುತ್ತೇನೆ. ಮಾಡಿಯೂ ಇದ್ದ. ಸುತ್ತಲ ತಾರಸಿಯವರಿಗೆಲ್ಲ ಹೇಳಿಬಿಟ್ಟಿದ್ದ. ರೈಡೆಲನಿಗೆ ಮಾತ್ರ ಹೇಳಿರಲಿಲ್ಲ. ರೈಡೆಲನ ಜೊತೆ ಅವನು ಮಾತಾಡುತ್ತಿರಲಿಲ್ಲವಲ್ಲ; ಆ ಮನೆಗೆ ತಂತಿ ಎಳೆದುಕೊಟ್ಟದ್ದೂ ಅತ್ತೆಯ ಮುಖ ನೋಡಿ.

"ಎಲ್ಲಿದಾಳೆ? ... ನಿನ್ನ ಹಿಂದಿನ ಮನೆ ಮಹಡಿ. ದರ್ಜಿ ನೆರೇಯ್ದಾ ಇದಾರಲ್ಲ, ಅವ್ರ ಕೋಣೆ. ... ಏನು ಮಾಡ್ತಾಳೆ? ... ಹದಿನೈದು ತುಂಬಿದ ಹುಡುಗೀರ ಹಬ್ಬದ ಫೋಟೊ ತಿದ್ದೋದಾ? ... ಫೋಟೊ ತೆಗೆಯೋರು ತಂತಿ ಮೇಲೇ ಕಳಿಸ್ತಾರೆ, ಇವಳು ತಿದ್ದಿ ವಾಪಸ್ ಕಳಿಸ್ತಾಳೆ. ನನ್ನ ಪೆಟ್ಟಿಗೆ ಮೇಲೇ. ನನ್ನ ಮೂಗಿನ ಕೆಳಗೇ! ... ಅವಳಮ್ಮನೂ ಭಾನುವಾರ ಬಂದು ಕೈ ಜೋಡಿಸ್ತಾಳೆ. ಗ್ವಾನಬಕೋವಾ ಚಿಕ್ಕಮ್ಮ! ..."

"ನಿನ್ನ ಹತ್ರ ಬಂದು ಕೇಳಿದ್ಳಾ? ... ಅವಳೇ ಬಂದ್ಳಾ? ಏನಂತ ಕೇಳಿದ್ಳು? ... 'ಮಾಮ' ಅಂದ್ಳಾ! ನಿನ್ನ? ... ನನ್ನ ಮಗಳು, ಎದುರು ಬೀದಿಯಲ್ಲಿ ನನ್ನ ನೋಡಿದ್ರೆ ಆಚೆ ಬದಿಗೆ ದಾಟಿಬಿಡ್ತಾಳೆ, ನಿನ್ನ ಬಾಗಿಲು ತಟ್ಟಿ ಮಾಮ ಅಂತಾಳಾ? ..."

"ಕಾಫಿ ಕೊಡ್ತೀಯಾ ಅವಳಿಗೆ? ... ಹಾಲು ಹಾಕಿಯಾ? ಅವಳು ಹಾಲು ಕುಡಿಯಲ್ಲ ಕಣೋ, ಮೂರು ವರ್ಷದ ಮಗು ಆಗಿದ್ದಾಗಿಂದ... ಕುಡೀತಾಳಾ? ... ಯಾವಾಗಿಂದ? ..."

ಹೊಟ್ಟೆಯಲ್ಲಿದ್ದ ಉರಿ ಆರಿರಲಿಲ್ಲ. ಹೆಂಡತಿಯ ಕಡೆಯಿಂದ ಮಗಳ ಕಡೆಗೆ ತಿರುಗಿತ್ತು, ಅಷ್ಟೇ. ಹೆಂಡತಿಯನ್ನು ರೈಡೆಲ್ ಒಂದು ಕಾಲದಲ್ಲಿ ಕುಣಿಸಿದ್ದ, ಅದನ್ನು ನುಂಗಿಕೊಳ್ಳಬಹುದು. ಆದರೆ ಮಗಳು ಹಾಲು ಬೆರೆಸಿದ ಕಾಫಿ ಕುಡಿಯಲು ಕಲಿತದ್ದು ಇನ್ನೊಬ್ಬನ ಅಡುಗೆಮನೆಯಲ್ಲಿ! ಆರ್ಸೆನಿಯೊನ ಕೈ ತಾನಾಗಿ ಪೆಟ್ಟಿಗೆಯ ಬಳಿ ಹೋಯಿತು. ಐದನೇ ಬಾಗಿಲಿನ ತಂತಿಯನ್ನು ಎರಡು ಬೆರಳಿನಲ್ಲಿ ಹಿಡಿದ. ಅದರ ದೀಪ ಪಟಪಟನೆ ಮಿಟುಕುತ್ತಿತ್ತು.

"ಕಿತ್ತುಹಾಕ್ತೀನಿ. ... ಹೌದು, ಈಗ್ಲೇ. ನಿನಗೂ ಇಲ್ಲ, ಅವಳಿಗೂ ಇಲ್ಲ. ಕೈಯಲ್ಲೇ ಹಿಡಿದಿದೀನಿ. ... ನಾಳೆಗೆ ಕೊಡ್ಬೇಕಾ? ಯಾರದ್ದು? ... ಇಡೀ ಆಲ್ಬಂ? ... ಕೊಡ್ದೇ ಇದ್ರೆ ಕೆಲಸ ಹೋಗತ್ತೆ ಅಂದ್ರೆ ಹೋಗ್ಲಿ, ಮನೆಗೆ ಬರ್ತಾಳೆ... ಏನು? ... ಇನ್ನೊಂದ್ಸಲ ಹೇಳು. ... ಮನೆಗೆ ಬರಲ್ಲ, ಸಾಂತಿಯಾಗೊಗೆ ಹೋಗ್ತಾಳೆ. ಅವಳೇ ಹಂಗಂದ್ಳಾ? ... ಅಷ್ಟು ದೂರಾನಾ? ..."

ಅವನು ತಂತಿಯನ್ನು ಬಿಟ್ಟ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"...ಹಾಂ, ಇದೀನಿ. ಕಿತ್ತಿಲ್ಲ. ... ಆ ಮಹಡಿಗೆ ತಂತಿ ಯಾರು ಎಳೆದಿದ್ದು? ನಿನಗೆ ಬರಲ್ಲ. ... ಅವಳೇ? ತುದಿಗೆ ಕ್ಲಿಪ್ಪು ಕೂರಿಸಿದ್ದೂ ಅವಳೇನಾ? ... ನೋಡಿ ಹೇಳು, ಒಳಗಿನ ಎಳೆಗಳು ಯಾವ ಸಾಲಲ್ಲಿವೆ? ... ಹತ್ತಿ ನೋಡು ಮಾರಾಯ, ತಂತಿಯಿಲ್ಲದ ಫೋನು ತಾನೇ ನಿಂದು, ತಾರಸಿಗೆ ತಗೊಂಡು ಹೋಗು... ಹಾಂ, ಟ್ಯಾಂಕಿನ ಹತ್ರ. ಕಿತ್ತಳೆ ಪಟ್ಟೆ, ಕಿತ್ತಳೆ, ಹಸಿರು ಪಟ್ಟೆ, ಆಮೇಲೆ? ... ನೀಲಿ! ನೀಲಿನಾ? ಎಲ್ರೂ ಅಲ್ಲೇ ತಪ್ಪೋದು. ಅವಳು ತಪ್ಪಿಲ್ಲ. ನಾನು ಕಲಿಸಿದ್ದು ಕಣೋ ಅದು. ನಾನು! ಮೇಜಿನ ಕೆಳಗೆ ಕೂತ್ಕೊಂಡು ಕಲಿತಿದ್ಳು, ನೀನಲ್ಲ ಕಲಿಸಿದ್ದು..."

"ಏನಂದೆ? ... ಕಾಣ್ತಿದಾಳಾ? ಅಲ್ಲೇನಾ? ... ಬಟ್ಟೆ ಒಣಗಿಸ್ತಿದಾಳಾ? ... ಬೇಡ, ಕೂಗ್ಬೇಡ. ... ರೈಡೆಲ್, ಬೇಡ ಅಂದೆ. ... ಫೋನ್ ಕೊಡ್ಬೇಡ, ನಾನೇನು ಮಾತಾಡ್ಲಿ? ... ರೈಡೆಲ್? ..."

ಆ ಕಡೆ ಗಾಳಿಯ ಸದ್ದು. ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ತಾರಸಿಯ ಮೋಟುಗೋಡೆಯನ್ನು ದಾಟಿತು. ಆರ್ಸೆನಿಯೊ ಯಾರೋ ಒಳಗೆ ಬಂದರೆಂಬಂತೆ ಎದ್ದು ನಿಂತ.

"...ಲಿಸಿ? ... ನಾನು, ಅಪ್ಪ. ... ಬೈಯೋಕಲ್ಲ. ... ಇಲ್ಲ, ಅಮ್ಮನಿಗೂ ಬೈಯಲ್ಲ. ಅಲ್ಲೇ ಇದಾಳಾ? ... ನನ್ನ ಹತ್ರ ಮಾತಾಡಲ್ವಂತಾ? ... ಸರಿ. ಆಮೇಲೆ ಬೈಲಿ..."

"ಊಟ ಆಯ್ತಾ? ... ಏನು ಮಾಡಿದ್ರಿ? ... ಬರೀ ಅನ್ನ, ಕಪ್ಪು ಬೀನ್ಸಾ? ಭಾನುವಾರ ಅಲ್ವಾ ಇವತ್ತು? ..."

"ನಿನ್ನ ತಂತಿಗೆ ಮೇಲುಹೊದಿಕೆ ಇಲ್ದಿದ್ರೆ ಬಿಸಿಲಿಗೆ ಸೀಳತ್ತೆ. ನನ್ನ ಹತ್ರ ಕಪ್ಪು ತಂತಿ ಇದೆ, ದಪ್ಪದ್ದು... ಬೇಡ್ವಾ? ... ಸುಮ್ನೆ ಹೇಳ್ದೆ. ... ಕೇಳು, ರೈಡೆಲ್‌ದು ಸಾಕು ಅಂತಾದ್ರೆ ಸಾಕು. ನಿನ್ನಿಷ್ಟ..."

"ಹಾಂ? ... ಪರದೆ? ... ಮುಚ್ಚಿದೀನಲ್ಲ. ಆಗ್ಲೇ ಮುಚ್ಚಿದೆ. ... ನಿಜವಾಗ್ಲೂ. ನೋಡ್ತಿಲ್ಲ ಏನೂ. ... ಕೆಲಸ ಜಾಸ್ತಿ ಮಾಡ್ಬೇಡಿ, ಅಮ್ಮನಿಗೆ ಹೇಳು, ಅಷ್ಟೊಂದು ದೊಡ್ಡ ಫೋಟೊನೆಲ್ಲ ಒಟ್ಟಿಗೇ ಕಳಿಸ್ತಿದಾಳಲ್ಲ, ಒಂದೊಂದಾಗಿ..."

ಪರದೆ ತೆರೆದೇ ಇದೆ ಎಂದು ತಾನೇ ಹೇಳಿಬಿಟ್ಟದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಗೊತ್ತಾಯಿತು. ಆ ಕಡೆ ಒಣಹಾಕಿದ ಬಟ್ಟೆ ಗಾಳಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಪರದೆಯ ಮೇಲೆ ಐದನೇ ಬಾಗಿಲಿನ ಎದುರು ಇಬ್ಬರ ನಂಬರೂ ಒಂದರ ಕೆಳಗೊಂದು ಇದ್ದವು. ಅವು ಅಲ್ಲಿರುವವರೆಗೆ ಅವರು ಎಲ್ಲಿದ್ದಾರೆಂದು ಅವನಿಗೆ ಗೊತ್ತಿರುತ್ತದೆ. ಅದೊಂದೇ ಅವನ ಕೈಯಲ್ಲಿ ಉಳಿದದ್ದು.

ಅವನು ಬಗ್ಗಿ ಪರದೆಯ ಗುಂಡಿ ಒತ್ತಿದ. ಗಾಜು ಕಪ್ಪಾಯಿತು. ಅದರಲ್ಲಿ ಅವನದೇ ಗಡ್ಡದ ಮುಖ ಕಂಡಿತು.

"ಲಿಸಿ... ಇದೀಯಾ? ... ಈಗ ಮುಚ್ಚಿದೆ. ... ಮೊದ್ಲು ಸುಳ್ಳು ಹೇಳ್ದೆ, ಈಗ ಮುಚ್ಚಿದೆ. ... ಹೆಂಗೆ ನಂಬೋದು ಅಂದ್ರೆ ನನಗೂ ಗೊತ್ತಿಲ್ಲ. ... ಹೌದು, ನಾಳೆ ಮತ್ತೆ ತೆಗೀಬೇಕು, ಜಾಲ ನಡೀಬೇಕಲ್ಲ. ಐದನೇ ಬಾಗಿಲು ನೋಡಲ್ಲ. ... ನೋಡ್ಬೇಕು ಅನ್ಸತ್ತೆ, ಅನ್ಸಲ್ಲ ಅಂತ ಹೇಳಲ್ಲ..."

"ಅವನು ಅಲ್ಲೇ ನಿಂತಿದಾನಾ, ರೈಡೆಲ್? ... ಆಚೆ ಹೋಗು ಅನ್ನು. ಅಪ್ಪ ಮಗಳು ಮಾತಾಡೋವಾಗ ಅವನಿಗೇನು ಅಲ್ಲಿ? ... ನಗ್ತಿದೀಯಾ? ... ನೀನು ನಕ್ಕಿದ್ದಾ ಈಗ, ಅವನಾ? ... ನೀನೇನಾ? ..."

"ಲಿಸಿ, ಒಂದು ಕೇಳ್ತೀನಿ. ಇಲ್ಲ ಅಂದ್ರೆ ಬೇಜಾರಿಲ್ಲ. ... ಇದೆ, ಬೇಜಾರಾಗತ್ತೆ, ಆದ್ರೂ ಕೇಳ್ತೀನಿ. ನಾನೂ ಅಲ್ಲಿಗೆ ಬರ್ಲಾ? ತಂತಿಗಲ್ಲ. ಮೇಲೆ ಹತ್ತಲ್ಲ, ಕೆಳಗೆ ನೆರೇಯ್ದಾ ಬಾಗಿಲಲ್ಲೇ ನಿಂತಿರ್ತೀನಿ. ಬರ್ಲಾ? ..."

"ಏನು? ... ಕೊರಕೊರ ಅಂತಿದೆ, ಕೇಳಿಸ್ತಿಲ್ಲ. ಬ್ಯಾಟರಿ ಹೋಗ್ತಿದೆಯಾ? ಆ ಊದೋನಿಗೆ ಒಂದು ಫೋನು ಚಾರ್ಜಿಗೆ ಹಾಕೋಕೂ ಬರಲ್ಲ! ... ಜೋರಾಗಿ ಹೇಳಮ್ಮ, ಬರ್ಲಾ, ಬೇಡ್ವಾ? ... ಹಲೋ? ... ಲಿಸಿ? ... ಹಲೋ?"

ಫೋನು ಟೂಂ ಎನ್ನತೊಡಗಿತು. ಸಂಪರ್ಕ ಕಡಿಯುವ ಮುನ್ನ ಅವನಿಗೆ ಕೇಳಿದ್ದು 'ಬ' ಎಂಬಷ್ಟು ಮಾತ್ರ. ಅವಳು ಬಾ ಎಂದಳೋ, ಬೇಡ ಎಂದಳೋ. ಆರ್ಸೆನಿಯೊ ರಿಸೀವರ್ ಇಟ್ಟು, ಕುರ್ಚಿಯ ಬೆನ್ನ ಮೇಲಿದ್ದ ಅಂಗಿಯನ್ನು ತೊಟ್ಟು, ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದ.